ಶಿಲುಬೆಗೆ ಇನ್ನು ಮೂರೇ ಬೆರಳು

ನಮ್ಮೂರಲ್ಲಿ ಸತ್ತವರನ್ನು ಹೊಗಳುವುದು ಹುಡುಗಾಟದ ಮಾತಲ್ಲ. ಬೇರೆ ಊರುಗಳಲ್ಲಿ ಮನುಷ್ಯ ಕಣ್ಣು ಮುಚ್ಚಿದ್ದೇ ತಡ, ನಿನ್ನೆಯವರೆಗೂ ಹಾದಿಬೀದಿಯಲ್ಲಿ ಬೈಸಿಕೊಂಡವನು ಕೂಡ ದೇವರಂಥವನಾಗಿಬಿಡುತ್ತಾನಂತೆ. ನಮಗೆ ಆ ಭಾಗ್ಯವಿಲ್ಲ. ನಮ್ಮ ಗೋರಿತೋಟದ ನಡುವೆ ಒಂದು ಕಲ್ಲಿನ ಶಿಲುಬೆ ಇದೆ. ಅದರ ಮುಂದೆ ನಿಂತು ಸತ್ತವರ ಬಗ್ಗೆ ಒಂದು ಸುಳ್ಳು ಹೇಳಿದರೆ ಅದು ಒಂದು ಬೆರಳಿನಷ್ಟು ಭೂಮಿಗೆ ಇಳಿಯುತ್ತದೆ. ಸಣ್ಣ ಸುಳ್ಳಿಗೂ ಒಂದು ಬೆರಳು, ದೊಡ್ಡ ಸುಳ್ಳಿಗೂ ಒಂದೇ ಬೆರಳು. ಬೇಕೆಂದೇ ಹೇಳಿದರೂ ಅಷ್ಟೇ, ನಿಜವೆಂದು ನಂಬಿ ಹೇಳಿದರೂ ಅಷ್ಟೇ. ಹೇಳಿದವರ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಕಲ್ಲಿಗೆ ಬೇಕಾಗಿಲ್ಲ. ಒಮ್ಮೆ ಇಳಿದದ್ದು ಮತ್ತೆ ಮೇಲೆ ಬರುವುದೂ ಇಲ್ಲ.

ಹಿಂದೆ ಅದು ಎರಡಾಳು ಎತ್ತರ ಇತ್ತಂತೆ. ಬುಡದಲ್ಲಿ ಜೋಡಿ ನವಿಲು, ಅದರ ಮೇಲೆ ಕಮಲ, ಕಮಲದಿಂದ ಮೇಲಕ್ಕೆ ಹಬ್ಬಿದ ದ್ರಾಕ್ಷಿ ಬಳ್ಳಿ. ಕೆತ್ತಿದ ಕಲ್ಲುಕುಟಿಗ ದ್ರಾಕ್ಷಿಯನ್ನು ಕಣ್ಣಲ್ಲಿ ಕಂಡವನಲ್ಲ, ಹಾಗಾಗಿ ನೇರಳೆ ಗೊಂಚಲು ಕೆತ್ತಿದ್ದಾನೆ. ಎರಡು ತೋಳುಗಳ ತುದಿಯಲ್ಲಿ ಒಬ್ಬೊಬ್ಬ ದೇವದೂತ. ಇಬ್ಬರಿಗೂ ಮೀಸೆ ಇದೆ. ನನ್ನ ಅತ್ತೆ ಈ ಊರಿಗೆ ಸೊಸೆಯಾಗಿ ಬಂದಾಗ ನವಿಲುಗಳ ಜುಟ್ಟು ಕಾಣುತ್ತಿತ್ತಂತೆ. ನಾನು ಬಂದಾಗ ಕಮಲದ ತುದಿ ಕಂಡಿದ್ದೇನೆ. ಈಗ ನೆಲದ ಮೇಲೆ ಉಳಿದಿರುವುದು ತಲೆ ಮತ್ತು ತೋಳು ಮಾತ್ರ. ಮುನ್ನೂರು ವರ್ಷದಲ್ಲಿ ಇಷ್ಟೊಂದು ಸುಳ್ಳು ಹೇಳಿದ್ದೇವಲ್ಲ ಎಂದು ನಾಚಿಕೊಳ್ಳಬೇಕೋ, ಇಷ್ಟೇ ಹೇಳಿದ್ದೇವಲ್ಲ ಎಂದು ಬೀಗಬೇಕೋ, ಊರಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಹಾಗಾದರೆ ಬಾಯಿ ಮುಚ್ಚಿಕೊಂಡು ಹೂಳಿಬಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಅದಕ್ಕೂ ದಾರಿಯಿಲ್ಲ. ಮಣ್ಣು ಹಾಕುವ ಮೊದಲು ಶಿಲುಬೆಯ ಮುಂದೆ ಮೂರು ಮಾತು ಆಡಬೇಕು, ಅದರಲ್ಲಿ ಒಂದಾದರೂ ಒಳ್ಳೆಯದಿರಬೇಕು. ಇದಕ್ಕೆ ಮಣ್ಣಿನ ಮಾತು ಅನ್ನುತ್ತೇವೆ. ಒಳ್ಳೆಯ ಮಾತು ಬರುವ ತನಕ ಗುಂಡಿಗೆ ಒಂದು ಹಿಡಿ ಮಣ್ಣು ಬೀಳುವಂತಿಲ್ಲ. ಆದ್ದರಿಂದ ನಮ್ಮೂರ ಹೆಂಗಸರು ಅಳುವುದು, ಹಾಡಿ ಹೊಗಳುವುದು, ಎದೆ ಬಡಿದುಕೊಳ್ಳುವುದನ್ನೆಲ್ಲ ಗೋರಿತೋಟದ ಬೇಲಿಯಾಚೆಗೇ ಮುಗಿಸುತ್ತಾರೆ. ದಾರಿಯುದ್ದಕ್ಕೂ 'ನನ್ನ ರಾಜ, ನನ್ನ ಚಿನ್ನ' ಎಂದು ಕೂಗಿಕೊಂಡು ಬಂದವಳು ಬಾಗಿಲು ದಾಟುತ್ತಲೇ ಕಣ್ಣೊರೆಸಿಕೊಂಡು, ತುಟಿ ಹೊಲಿದವಳ ಹಾಗೆ ನಿಂತುಬಿಡುತ್ತಾಳೆ.

ಮನೆಯವರ ನಾಲಿಗೆಯನ್ನು ನಂಬುವಂತಿಲ್ಲ ಎಂದು ಈ ಮಣ್ಣಿನ ಮಾತಿನ ಕೆಲಸವನ್ನು ಹಿಂದಿನವರು ಒಂದು ಮನೆತನಕ್ಕೆ ವಹಿಸಿದ್ದರು. ನಾನು ಸೊಸೆಯಾಗಿ ಬಂದದ್ದು ಆ ಮನೆಗೆ. ನನ್ನ ಗಂಡ ಸಂತ್ಯಾಗಪ್ಪ ಮೂವತ್ತು ವರ್ಷ ಈ ಕೆಲಸ ಮಾಡಿದ. ಅವನ ಮಾತಿಗೆ ಶಿಲುಬೆ ಒಂದು ಕೂದಲಿನಷ್ಟೂ ಇಳಿದಿಲ್ಲ. ಇಳಿದದ್ದೆಲ್ಲ ಬೇರೆಯವರು ಬಾಯಿ ತಡೆಯಲಾರದೆ ಆಡಿದ್ದಕ್ಕೆ. ಯಾರಾದರೂ ಹಾಸಿಗೆ ಹಿಡಿದರೆ ಅವನು ಅವರ ಮನೆಗೆ ಹೋಗಿ ಒಂದು ಮೂಲೆಯಲ್ಲಿ ಕೂರುತ್ತಿದ್ದ. ನಿಜವಾದ ಒಂದು ಒಳ್ಳೆಯ ಮಾತು ಸಿಗುವ ತನಕ ಏಳುತ್ತಿರಲಿಲ್ಲ. ಸಂತ್ಯಾಗಪ್ಪ ಬಂದು ಕೂತ ಅಂದರೆ ನಾಟಿ ವೈದ್ಯ ಚೀಲ ಕಟ್ಟಿಕೊಂಡು ಏಳುತ್ತಿದ್ದ. ರೋಗಿ ಮುದುಕಿಯಾದರೆ ಗಾಬರಿಯಾಗಿ, ಹೇಳಿಸಿಕೊಳ್ಳಲು ಏನಾದರೂ ಬೇಕಲ್ಲ ಎಂದು, ಹತ್ತು ವರ್ಷದಿಂದ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬೀಗದ ಕೈಯನ್ನು ಸೊಸೆಯ ಕೈಗೆ ಕೊಡುತ್ತಿದ್ದಳು. ಅಷ್ಟೆಲ್ಲ ಮಾಡಿ ಮತ್ತೆ ಹುಷಾರಾಗಿ ಎದ್ದವರೂ ಇದ್ದಾರೆ. ಅವರ ಸಂಕಟ ಬೇರೆ.

ಹಸು ಕಳ್ಳ ದಾಸಪ್ಪ ಸತ್ತಾಗ ನನ್ನ ಗಂಡ ಹೇಳಿದ್ದು, 'ಇವನು ಕದ್ದ ಹಸುವಿಗೆ ಹೊಟ್ಟೆ ತುಂಬ ಹುಲ್ಲು ಹಾಕುತ್ತಿದ್ದ' ಎಂದು. ಕಲ್ಲು ಅಲ್ಲಾಡಲಿಲ್ಲ. ಜಗಳಗಂಟಿ ಬಾರ್ಬರಮ್ಮ ಹೋದಾಗ, 'ಜಗಳದ ನಡುವೆ ಮಗು ಅತ್ತರೆ ಈಕೆ ಜಗಳ ನಿಲ್ಲಿಸಿ ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ಮಗು ಮಲಗಿದ ಮೇಲೆ ಮುಂದುವರಿಸುತ್ತಿದ್ದಳು' ಎಂದ. ಅವಳ ಹತ್ತಿರ ಬೈಸಿಕೊಂಡವರೆಲ್ಲ ಹೌದು ಹೌದು ಎಂದು ಕಣ್ಣೊರೆಸಿಕೊಂಡರು.

ಊರಿಗೆ ಇಷ್ಟು ಉಪಕಾರವಾದ ಆ ನಾಲಿಗೆಯಿಂದ ಮನೆಗೆ ಮೂರು ಕಾಸಿನ ಪ್ರಯೋಜನವಿರಲಿಲ್ಲ. ಕಲ್ಲಿಗೆ ಹೆದರಿ ಹೆದರಿ ಅವನಿಗೆ ಅದೇ ಚಾಳಿಯಾಗಿತ್ತು. ರುಜುವಾತಿಲ್ಲದ ಒಂದು ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. ಸಾರು ಹೇಗಿದೆ ಎಂದರೆ 'ಬಿಸಿ ಐತೆ' ಅನ್ನುತ್ತಿದ್ದ. ಹೊಸ ಸೀರೆ ಉಟ್ಟು ಎದುರಿಗೆ ನಿಂತರೆ ಮೇಲಿಂದ ಕೆಳಗೆ ನೋಡಿ 'ಹಸ್ರು' ಅನ್ನುತ್ತಿದ್ದ. ಮದುವೆಯಾದ ಹೊಸದರಲ್ಲಿ ಒಂದು ದಿನ ನಾಚಿಕೆ ಬಿಟ್ಟು, 'ನನ್ನ ಕಂಡ್ರೆ ನಿಂಗೆ ಆಸೆ ಐತಾ' ಎಂದು ಕೇಳಿದೆ. 'ವಿಚಾರ ಮಾಡಿ ಹೇಳ್ತೀನಿ' ಎಂದ. ನಲವತ್ತೊಂದು ವರ್ಷ ವಿಚಾರ ಮಾಡಿದ. ಹೇಳದೆಯೇ ಸತ್ತ.

ಆ ಮನೆಯಲ್ಲಿ ನನಗೆ ಸಿಕ್ಕ ಒಳ್ಳೆಯ ಮಾತು ಒಂದೇ ಒಂದು. ಅತ್ತೆ ಅಪೋಲಮ್ಮ ಸಾಯುವ ದಿನ ಅವನು ಅಡುಗೆಮನೆಗೆ ಬಂದು, 'ಕಿತೇರಿ ಬಂದ ಮ್ಯಾಕೆ ಈ ಮನೆ ಮನೆ ಆಯ್ತು ಅಂದ್ಲು ಅವ್ವ' ಎಂದ. ಕಿತೇರಿ ಅಂದರೆ ನಾನು. ಆಗ ಮುದ್ದೆ ತಿರುವುತ್ತಿದ್ದೆ. ಬದುಕಿದ್ದಷ್ಟು ದಿನ ನನ್ನನ್ನು ಹುರಿದು ಮುಕ್ಕಿದ ಮುದುಕಿ ಹಾಗಂದಳೆಂದು ಕೇಳಿ ಕೋಲು ಹಿಡಿದ ಕೈ ನಿಂತುಹೋಯಿತು. ಸಂತ್ಯಾಗಪ್ಪ ಹೇಳಿದ ಮೇಲೆ ಅದು ನಿಜವೇ ಇರಬೇಕಲ್ಲ. ಇಪ್ಪತ್ತೆರಡು ವರ್ಷ ನಾನು ಆ ಒಂದು ಮಾತಿನ ಮೇಲೆ ಸಂಸಾರ ಮಾಡಿದೆ.

ಇನ್ನು ಹಳೆಗಲ್ಲಿನ ಇಲಾಖೆಯ ವಿಷಯ. ಅವರದೊಂದು ಕಾನೂನಿದೆ: ಹಳೆಯ ಕೆತ್ತನೆ ಕಲ್ಲು ನೆಲದ ಮೇಲೆ ನಿಂತಿದ್ದರೆ ಊರಿನದು, ನೆಲದೊಳಗೆ ಹೂತುಹೋದರೆ ಸರ್ಕಾರದ್ದು. ಶಿಲುಬೆಯ ತೋಳು ಮಣ್ಣಿಗೆ ತಾಗಿದ ದಿನ ಅದು ಹೂತ ಕಲ್ಲು. ಅಗೆದು ತೆಗೆದು ಪಟ್ಟಣದ ವಸ್ತುಸಂಗ್ರಹಾಲಯಕ್ಕೆ ಒಯ್ಯುತ್ತಾರೆ. ಅದಕ್ಕೆಂದೇ ಪ್ರಹ್ಲಾದರಾಯರೆಂಬ ಅಧಿಕಾರಿ ಪ್ರತಿವರ್ಷ ಸತ್ತವರ ನೆನಪಿನ ಕಲ್ಲರೆ ಹಬ್ಬದ ಮಾರನೆಯ ದಿನ, ಗೋರಿಗಳ ಮೇಲೆ ಇನ್ನೂ ಹೂವು, ಕರಗಿದ ಮೊಂಬತ್ತಿ ಇರುವಾಗಲೇ, ಟೇಪು ಹಿಡಿದು ಜೀಪಿನಲ್ಲಿ ಬರುತ್ತಿದ್ದರು. ಒಳ್ಳೆಯ ಮನುಷ್ಯ. ನಮ್ಮೂರ ಮಣ್ಣು ಸಡಿಲ ಎಂದು ಬರೆದುಕೊಂಡು ಹೋಗುತ್ತಿದ್ದರು. ಆ ನವಿಲುಗಳನ್ನು ಒಮ್ಮೆ ನೋಡಬೇಕೆಂಬ ಆಸೆ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. 'ಬುಡದಲ್ಲಿ ಒಂದು ಶಾಸನವೂ ಇರಬಹುದಮ್ಮ' ಎಂದು ನನ್ನ ಹತ್ತಿರ ಹೇಳಿದ್ದರು. ಇದ್ದರೆ ಅದರಲ್ಲಿ ಬರೆದದ್ದೂ ಸುಳ್ಳೇ ಇರಬೇಕು, ಅದಕ್ಕೇ ಎಲ್ಲಕ್ಕಿಂತ ಮೊದಲು ಮುಳುಗಿದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಹೋದ ವರ್ಷದವರೆಗೆ ತೋಳಿಗೂ ಮಣ್ಣಿಗೂ ಏಳು ಬೆರಳು ಅಂತರವಿತ್ತು. ಅಷ್ಟರಲ್ಲಿ ನಮ್ಮ ಗುಡಿಗೆ ಹೊಸದಾಗಿ ಫಾದರ್ ಅಂತಪ್ಪ ಬಂದರು. ಓದಿದವರು, ಒಳ್ಳೆಯ ಕಂಠ. ಪಟೇಲ ಚೌರಪ್ಪ ಸತ್ತಾಗ, ಇದೆಲ್ಲ ಮೂಢನಂಬಿಕೆ, ನಾನೇ ಮಾತಾಡುತ್ತೇನೆ ಎಂದು ಹೊರಟುಬಿಟ್ಟರು. 'ಕರುಣಾಮಯಿ' ಎಂದರು. ಒಂದು ಬೆರಳು ಹೋಯಿತು. 'ಬಡವರ ಬಂಧು' ಎಂದರು, ಇನ್ನೊಂದು. ಕಣ್ಣು ಮುಚ್ಚಿಕೊಂಡು ಮಾತಾಡುವ ಅಭ್ಯಾಸ ಅವರಿಗೆ. 'ಮಿತಭಾಷಿ' ಎನ್ನುವ ಹೊತ್ತಿಗೆ ಜನ ಕಿರುಚತೊಡಗಿದ್ದರು. 'ಆದರ್ಶ ಪತಿ' ಎಂದಾಗ ಪಟೇಲನ ಹೆಂಡತಿಯೇ ಮುಂದೆ ಬಂದು, 'ಸಾಕು ಬುಡಿ ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ' ಎಂದಳು. ಸ್ವಾಮಿಗಳು ಕಣ್ಣು ಬಿಟ್ಟು ನೋಡಿದರು, ಭೂಕಂಪವೆಂದುಕೊಂಡು ನಿಲುವಂಗಿ ಎತ್ತಿ ಹಿಡಿದು ಓಡಿದರು. ಉಳಿದದ್ದು ಮೂರು ಬೆರಳು. ಅಲ್ಲಿಂದೀಚೆಗೆ ಅವರು ಗೋರಿತೋಟದಲ್ಲಿ ಜಪ ಬಿಟ್ಟು ಬೇರೆ ಮಾತಾಡಿಲ್ಲ.

ಮೂರು ಬೆರಳಾದ ಮೇಲೆ ಊರಿಗೆ ದಿಗಿಲು ಹತ್ತಿತು. ಹೋದರೆ ಹೋಗಲಿ ಕಲ್ಲು ತಾನೆ ಎನ್ನುವ ಹಾಗಿಲ್ಲ. ನಮ್ಮವರಿಗೆ ಸಾಯಲು ಇರುವ ಧೈರ್ಯವೇ ಅದು. ಸತ್ತ ಮೇಲೆ ನಮ್ಮ ಬಗ್ಗೆ ಒಂದು ಒಳ್ಳೆಯ ಮಾತು ಬರುತ್ತದೆ, ಆ ಮಾತನ್ನು ಯಾರೂ ಅಲ್ಲಗಳೆಯಲಾರರು. ಬೇರೆ ಊರಿನ ಕರುಣಾಮಯಿಗಳಿಗೆ ಆ ಸುಖ ಎಲ್ಲಿದೆ? ಸಂತ್ಯಾಗಪ್ಪ ಇರುವ ತನಕ ಭಯವಿಲ್ಲ ಎಂದು ಜನ ಅವನ ಆರೋಗ್ಯ ವಿಚಾರಿಸಲು ಶುರುಮಾಡಿದರು. ಯಾರ್ಯಾರೋ ಹಾಲು, ಮೊಟ್ಟೆ ತಂದುಕೊಟ್ಟರು.

ಅಂಥವನು ಕಲ್ಲರೆ ಹಬ್ಬದ ದಿನವೇ ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಾ ಹಾಗೇ ಕಂಬಕ್ಕೆ ಒರಗಿಬಿಟ್ಟ. ನಾನು ಒಳಗಿನಿಂದ ಎರಡು ಸಲ ಕೂಗಿದೆ. ಉತ್ತರ ಬರಲಿಲ್ಲ. ಅದೇನು ಹೊಸದಲ್ಲವೆಂದು ನನ್ನ ಪಾಡಿಗೆ ಕೆಲಸ ಮಾಡುತ್ತಿದ್ದೆ. ಮೂರನೆಯ ಸಲ ಹೊರಗೆ ಬಂದು ನೋಡಿದರೆ ಮಡಿಲಲ್ಲಿ ಸಿಪ್ಪೆ, ಕೈಯಲ್ಲಿ ಒಂದು ಕಾಯಿ.

ಮಾತಿನವನೇ ಸತ್ತರೆ ಮಣ್ಣಿನ ಮಾತನ್ನು ಅವನ ಮನೆಯವರೇ ಆಡಬೇಕು, ಹಿಂದಿನಿಂದ ಬಂದ ಕಟ್ಟಳೆ. ನಮಗೆ ಮಕ್ಕಳಿಲ್ಲ. ಉಳಿದವಳು ನಾನು. ಈ ಸುದ್ದಿ ಕೇಳಿ ಊರು ಸಂತ್ಯಾಗಪ್ಪನಿಗಿಂತ ಹೆಚ್ಚಾಗಿ ಶಿಲುಬೆಗೆ ಅತ್ತಿತು. ನನ್ನ ಬಾಯಿಗೆ ಬೀಗವಿಲ್ಲವೆಂದು ಅವರಿಗೆ ಗೊತ್ತಿತ್ತಲ್ಲ. ಮಾರನೆಯ ಬೆಳಿಗ್ಗೆ ಸಾವಿನ ಮನೆಗೆ ಅಕ್ಕಿ ತರುವ ಹಾಗೆ ಒಬ್ಬೊಬ್ಬರೂ ಒಂದೊಂದು ಮಾತು ತಂದರು.

'ದಿನಾ ಹಲ್ಲುಜ್ತಿದ್ದ ಅನ್ನು ಅತ್ಗೆ, ಅದ್ರಲ್ಲಿ ಮೋಸ ಇಲ್ಲ' ಎಂದಳು ನಾದಿನಿ ಲೂರ್ದಮ್ಮ, ನನ್ನ ಗಂಡನ ತಂಗಿ.

'ನಾಯಿಗೆ ಕಲ್ಲು ಹೊಡೀತಿರ್ನಿಲ್ಲ ಅನ್ನಕ್ಕ' ಎಂದ ಹೆಂಡದಂಗಡಿ ಪಾಸ್ಕಲಪ್ಪ.

'ಹೊಡೆದವ್ನೆ. ನಾನೇ ಕಂಡಿವ್ನಿ' ಎಂದು ಹಿಂದಿನಿಂದ ಯಾರೋ ಅಂದರು. ನಾಯಿ ಯಾವುದು, ಕಲ್ಲು ತಾಗಿತೋ ಇಲ್ಲವೋ ಎಂದು ಹೆಣದ ಮುಂದೆಯೇ ಒಂದು ಗಳಿಗೆ ವಾದವಾಯಿತು.

ನನಗೆ ರೇಗಿತು. 'ನಲವತ್ತೊಂದು ವರ್ಷ ಬಾಳ್ವೆ ಮಾಡಿವ್ನಿ. ನನ್ ಗಂಡನ ಬಗ್ಗೆ ಹೇಳಾಕೆ ನಿಮ್ತಾವ ಎರವಲು ತರಬೇಕಾ? ಎದ್ದೋಗ್ರಿ' ಎಂದೆ. ಹಾಗೆಂದೆನಾದರೂ ದಾರಿಯುದ್ದಕ್ಕೂ ಹುಡುಕಿದೆ. ಏನು ಹೇಳಲಿ? ನಿಜ ಹೇಳಬೇಕೆಂದರೆ ನನಗೆ ಕೇಳಬೇಕಿದ್ದ ಪ್ರಶ್ನೆ ಒಂದೇ. 'ಇವನಿಗೆ ನನ್ನ ಮೇಲೆ ಪ್ರೀತಿ ಇತ್ತು' ಎಂದುಬಿಟ್ಟರೆ ಕಲ್ಲು ತಕ್ಷಣ ಉತ್ತರ ಕೊಡುತ್ತಿತ್ತು. ಇಳಿದರೆ ಇಲ್ಲ, ಇಳಿಯದಿದ್ದರೆ ಹೌದು. ಆದರೆ ಇಡೀ ಊರಿನೆದುರು ಅದು ಇಳಿದುಬಿಟ್ಟರೆ ನಾನು ಮನೆಗೆ ಯಾವ ಮುಖ ಹೊತ್ತು ಹೋಗಲಿ? ಆ ಧೈರ್ಯ ನನಗಿರಲಿಲ್ಲ.

ಗೋರಿತೋಟದಲ್ಲಿ ಪ್ರಹ್ಲಾದರಾಯರು ಆಗಲೇ ಬಂದು ಶಿಲುಬೆಯ ಪಕ್ಕ ಟೇಪು ಬಿಚ್ಚಿಕೊಂಡು ಕೂತಿದ್ದರು. ಹೆಣ ಬಂದದ್ದು ನೋಡಿ ಎದ್ದು ಟೋಪಿ ತೆಗೆದರು. 'ನಿಮ್ಮ ಕೆಲಸ ಮುಗಿಯಲಿ ಅಮ್ಮ, ಆಮೇಲೆ ಅಳೆಯುತ್ತೇನೆ' ಎಂದರು. ಫಾದರ್ ಅಂತಪ್ಪ ಜಪ ಮುಗಿಸಿ, ಮಂತ್ರತೀರ್ಥ ಚಿಮುಕಿಸಿ, ನಾಲ್ಕು ಹೆಜ್ಜೆ ದೂರ ಸರಿದು ನಿಂತರು. ಪೆಟ್ಟಿಗೆಯ ಮುಚ್ಚಳ ಇನ್ನೂ ಹಾಕಿರಲಿಲ್ಲ, ಮುಖಕ್ಕೆ ಬಿಳಿ ಬಟ್ಟೆ ಹೊದಿಸಿದ್ದರು. ಎಲ್ಲರೂ ನನ್ನನ್ನು ನೋಡಿದರು. ನಾನು ಶಿಲುಬೆಯನ್ನು ನೋಡಿದೆ. ದೇವದೂತರ ಮೀಸೆ ನನ್ನ ಮೊಣಕಾಲಿನಷ್ಟು ಎತ್ತರದಲ್ಲಿತ್ತು.

ಕೊನೆಗೆ ಅನುಮಾನವೇ ಇಲ್ಲದ್ದೊಂದು ಸಿಕ್ಕಿತು. ಗಂಟಲು ಸರಿಮಾಡಿಕೊಂಡು, 'ಇವ್ನು ಕುಡಿಯೋದು ಬಿಟ್ಟು ಹನ್ನೆರಡು ವರ್ಷ ಆಯ್ತು' ಎಂದೆ.

ಶಿಲುಬೆ ಇಳಿಯುವಾಗ ದೊಡ್ಡ ಸದ್ದೇನೂ ಆಗುವುದಿಲ್ಲ. ಹಿಟ್ಟಿನ ಡಬ್ಬ ಕುಕ್ಕಿದರೆ ಹಿಟ್ಟು ಕೂರುತ್ತದಲ್ಲ, ಅಷ್ಟೇ. ಒಂದು ಬೆರಳು ಹೋಯಿತು. ನಾನು ಪಾಸ್ಕಲಪ್ಪನ ಕಡೆ ತಿರುಗಿದೆ. ಅವನು ಆಕಾಶದಲ್ಲಿ ಹದ್ದು ಹುಡುಕುತ್ತಿದ್ದ.

'ಪಾಸ್ಕಲಾ.'

'ಬೈಬ್ಯಾಡ ಕಣಕ್ಕ. ಶನಿವಾರ ಶನಿವಾರ ಬತ್ತಿದ್ದ. ವಸಿ ಅಷ್ಟೇಯ.'

'ಬಿಟ್ಟೆ ಅಂತ ನನ್ನ ಮುಂದೆ ಅಂದಿರ್ನಿಲ್ವಾ?'

'ಅವ್ನೇನಂದಿದ್ದ, ವಸಿ ಜ್ಞಾಪಕ ಮಾಡ್ಕೊ.'

ಮಾಡಿಕೊಂಡೆ. 'ಇನ್ ಮ್ಯಾಕೆ ಈ ಮನೇಲಿ ಹೆಂಡ ಮುಟ್ಟಾಕಿಲ್ಲ' ಎಂದಿದ್ದ. ಈ ಮನೇಲಿ! ಹನ್ನೆರಡು ವರ್ಷ ಪ್ರತಿ ಶನಿವಾರ ರೋಗಿಗಳನ್ನು ನೋಡಿಕೊಂಡು ಬರುತ್ತೇನೆಂದು ಹೋಗುತ್ತಿದ್ದ. ಹೆಂಡದಂಗಡಿಯಲ್ಲಿ ರೋಗಿಗಳು ಇರುತ್ತಿದ್ದರು ಅನ್ನುವುದು ಸುಳ್ಳಲ್ಲ. ಜನ ಸೆರಗಿನಲ್ಲಿ, ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನನಗೂ ನಗು ಬಂದಿತ್ತು, ನುಂಗಿದೆ. ಎಂಥ ಚಾಲಾಕಿ! ಕುಡಿದಾದರೂ ಕುಡಿದ, ಸುಳ್ಳು ಮಾತ್ರ ಹೇಳಲಿಲ್ಲ. ಇದಕ್ಕಿಂತ ಗಟ್ಟಿ ಮಾತು ಇನ್ನೇನು ಬೇಕು ಎಂದು ನನಗೆ ಹುರುಪು ಬಂತು. ಊರಿಗೆಲ್ಲ ಕೇಳುವ ಹಾಗೆ, 'ಹೋಗ್ಲಿ. ಹುಟ್ಟಿದಾಗ್ನಿಂದ ಸಾಯೋಗಂಟ ಇವ್ನು ಒಂದೇ ಒಂದು ಸುಳ್ಳು ಹೇಳಿದೋನಲ್ಲ' ಎಂದೆ.

ಹಿಟ್ಟು ಕೂತಿತು.

ಈ ಸಲ ಯಾರೂ ನಗಲಿಲ್ಲ. ಸಂತ್ಯಾಗಪ್ಪ ಸುಳ್ಳು ಹೇಳಿದ್ದಾನೆ ಅಂದರೆ ಬಾವಿಯ ನೀರು ಉರಿಯಿತು ಅಂದ ಹಾಗೆ. ಪ್ರಹ್ಲಾದರಾಯರು ಮೊಣಕಾಲೂರಿ ತೋಳಿನ ಕೆಳಗೆ ಬೆರಳಿಟ್ಟು ನೋಡಿ, 'ಇನ್ನು ಒಂದೇ ಬೆರಳು' ಎಂದು ತಮಗೆ ತಾವೇ ಹೇಳಿಕೊಂಡು ಪುಸ್ತಕದಲ್ಲಿ ಬರೆದರು. ಲೂರ್ದಮ್ಮ ನನ್ನ ಹತ್ತಿರ ಬಂದು ತೋಳು ಹಿಡಿದಳು.

'ಹೇಳಬಾರ್ದು ಅಂತಿದ್ದೆ ಅತ್ಗೆ. ನೀನು ಆ ಮಾತು ಬುಟ್ಟು ಬ್ಯಾರೆ ಏನಾರ ಹೇಳ್ತೀಯ ಅಂದ್ಕಂಡಿದ್ದೆ.'

'ಯಾವಾಗ ಹೇಳ್ದ? ಯಾರಿಗೆ?'

'ನಿಂಗೇಯ. ಅವ್ವ ಹೋದ ದಿನ.'

ನನಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. 'ಕಿತೇರಿ ಬಂದ ಮ್ಯಾಕೆ ಮನೆ ಮನೆ ಆಯ್ತು ಅಂತ ಅವ್ವ ಅನ್ನಿಲ್ವಾ?'

'ಇಲ್ಲ.'

'ಮತ್ತೇನಂದ್ಲು?'

ಲೂರ್ದಮ್ಮ ನೆಲ ನೋಡಿದಳು. 'ಆ ಕಿತೇರಿ ಕೈಗೆ ಉಪ್ಪಿನ ಮಡಕೆ ಕೊಡಬ್ಯಾಡಿ, ಮನೆ ಹಾಳಾಯ್ತದೆ ಅಂದ್ಲು. ಅದೇ ಕಡೇ ಮಾತು. ಅಣ್ಣ ಹೊರಕ್ಕೆ ಬಂದು ವಸಿ ಹೊತ್ತು ಕಂಬ ಹಿಡ್ಕಂಡು ನಿಂತಿದ್ದ. ಮುಖದಲ್ಲೆಲ್ಲ ಬೆವರು. ಆಮ್ಯಾಕೆ ಅಡುಗೆಮನೆಗೆ ಬಂದು ನಿಂಗೆ ಹಂಗಂದ. ಯಾರಿಗೂ ಹೇಳಬ್ಯಾಡ ಅಂತ ನನ್ ಕೈಲಿ ಆಣೆ ಹಾಕಿಸ್ಕಂಡ.'

ಅಲ್ಲಿ ನಿಂತವರಲ್ಲಿ ಕೆಲವರು ಅಯ್ಯೋ ಎಂದರು. ನನಗೆ ಮಾತ್ರ ಅಂಗಾಲಿನಿಂದ ನೆತ್ತಿಯ ತನಕ ಬೆಂಕಿ ಹತ್ತಿತು. ಇಪ್ಪತ್ತೆರಡು ವರ್ಷ! ಆ ಮುದುಕಿಯ ಗೋರಿಗೆ ಪ್ರತಿ ಕಲ್ಲರೆ ಹಬ್ಬಕ್ಕೆ ಸೇವಂತಿಗೆ ಇಟ್ಟು, ನೀನೊಬ್ಬಳೇ ನನ್ನನ್ನು ಅರ್ಥ ಮಾಡಿಕೊಂಡವಳು ಎಂದು ಕೈ ಮುಗಿದಿದ್ದೇನೆ. ನಿನ್ನೆ ಬೆಳಿಗ್ಗೆಯೂ ಇಟ್ಟಿದ್ದೆ. ಹೂವು ಅಲ್ಲೇ ಮೂರು ಗೋರಿ ಆಚೆಗೆ ಕಾಣುತ್ತಿತ್ತು. ಅವನಿಗೆ ಒಳ್ಳೆಯ ಮಾತು ಹೇಳಬೇಕು ಅನ್ನಿಸಿದ ಮೇಲೆ ಅದನ್ನು ತನ್ನ ಬಾಯಿಂದಲೇ ಹೇಳಲಿಕ್ಕೇನಾಗಿತ್ತು? ತಾಯಿಯ ಹೆಸರಲ್ಲಿ ಯಾಕೆ ಹೇಳಬೇಕಿತ್ತು?

ಯಾಕೆಂದು ನನಗೆ ಗೊತ್ತಿತ್ತು. ಈ ಕಲ್ಲಿನ ದೆಸೆಯಿಂದ. ಇದೇ ಕಲ್ಲು ಅವನ ನಾಲಿಗೆಯನ್ನು ಕಟ್ಟಿಹಾಕಿದ್ದು. ಇದಕ್ಕೆ ಹೆದರಿಯೇ ನನ್ನ ಸಾರು ಬಿಸಿಯಾಯಿತು, ಸೀರೆ ಹಸಿರಾಯಿತು. ಇದಿಲ್ಲದ ಊರಿನ ಗಂಡಸರು ದಿನಕ್ಕೊಂದು ಸುಳ್ಳು ಹೇಳಿ ಹೆಂಡಿರನ್ನು ನಗಿಸುತ್ತಾರೆ. ಇದು ಪಟ್ಟಣಕ್ಕೆ ಹೋಗಲಿ. ಅಲ್ಲಿ ದೀಪದ ಕೆಳಗೆ ನಿಲ್ಲಿಸಲಿ. ಪ್ರಹ್ಲಾದರಾಯರು ನವಿಲು ನೋಡಿಕೊಂಡು ಸುಖವಾಗಿರಲಿ. ಒಂದು ಬೆರಳು ತಾನೆ ಉಳಿದಿರುವುದು? ಒಂದು ಸುಳ್ಳು ಸಾಕು.

ನನ್ನ ಮುಖ ನೋಡಿದ್ದೇ ಫಾದರ್ ಅಂತಪ್ಪನವರಿಗೆ ಹೊಳೆದಿರಬೇಕು. 'ಅಮ್ಮ, ಬೇಡಮ್ಮ. ಹಲ್ಲುಜ್ಜುತ್ತಿದ್ದರು ಅನ್ನಿ, ಸಾಕು' ಎಂದು ಕೈಮುಗಿದರು. ಸ್ವಾಮಿಗಳು ನನಗೆ ಕೈಮುಗಿದದ್ದು ಅದೇ ಮೊದಲು. 'ಕಿತೇರಕ್ಕ, ಊರಿನ ಮರ್ವಾದೆ ಕಣಕ್ಕ' ಎಂದು ಪಾಸ್ಕಲಪ್ಪ ಅಳುವಂತಾದ. ನಾನು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡ ಸುಳ್ಳು ಯಾವುದು ಎಂದು ಹುಡುಕಿದೆ. ಹೆಚ್ಚು ಹುಡುಕಬೇಕಾಗಲಿಲ್ಲ. ಶಿಲುಬೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದೆ:

'ನಲವತ್ತೊಂದು ವರ್ಷ ನಾನು ಈ ಮನುಷ್ಯನ ಜೊತೇಲಿ ಸುಖವಾಗಿದ್ದೆ.'

ಹೆಂಗಸರು ಕಣ್ಣು ಮುಚ್ಚಿದರು. ಸ್ವಾಮಿಗಳು ಹಣೆಯಿಂದ ಎದೆಗೆ ಶಿಲುಬೆ ಗುರುತು ಹಾಕಿಕೊಂಡರು. ಪ್ರಹ್ಲಾದರಾಯರು ಇಸ್ತ್ರಿ ಅಂಗಿಯಲ್ಲೇ ಬೋರಲಾಗಿ ಮಲಗಿ ಕೆನ್ನೆಯನ್ನು ಮಣ್ಣಿಗೆ ಒತ್ತಿ ನೋಡುತ್ತಿದ್ದರು. ನಾನು ಹಿಟ್ಟು ಕೂರುವ ಸದ್ದಿಗೆ ಕಾದೆ.

'ಇಳೀತಾ ಸಾರ್?'

'ಇಲ್ಲಮ್ಮ.'

'ಸರ್ಯಾಗಿ ನೋಡ್ರಿ.'

'ನೋಡುತ್ತಲೇ ಇದ್ದೇನಮ್ಮ. ಹಾಗೇ ಇದೆ.'

ಕಲ್ಲಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೂ ಗಟ್ಟಿಯಾಗಿ ಹೇಳಿದೆ. ಬೇಲಿಯ ಮೇಲಿದ್ದ ಕಾಗೆ ಹಾರಿತು, ಶಿಲುಬೆ ಅಲ್ಲೇ ಇತ್ತು. ಮಂಡಿಯೂರಿ ಕೂತು ನನ್ನ ತೋರುಬೆರಳನ್ನೇ ತೋಳಿನ ಕೆಳಗೆ ತೂರಿಸಿದೆ. ಮೇಲೆ ತಣ್ಣನೆ ಕಲ್ಲು, ಕೆಳಗೆ ತಣ್ಣನೆ ಮಣ್ಣು, ನಡುವೆ ಬೆರಳು ಸಲೀಸಾಗಿ ಆಡುತ್ತಿತ್ತು. 'ಸುಖವಾಗಿದ್ದೆ' ಎಂದೆ. ಬೆರಳು ಆಡುತ್ತಿತ್ತು. 'ಬಾಳ ಸುಖವಾಗಿದ್ದೆ! ನಂಗೇನೂ ಕಡಿಮೆ ಇರ್ನಿಲ್ಲ!' ಎಂದು ಕೂಗಿದೆ. ಮಣ್ಣಿನ ಮೂರು ಮಾತೂ ಆಯಿತು ಎಂದು ಹಿಂದೆ ಯಾರೋ ಎಣಿಸಿದರು. ಬೆರಳಿಗೆ ಒಂದು ಚೂರೂ ಒತ್ತಲಿಲ್ಲ.

ಕಾಲಿನ ಚಪ್ಪಲಿ ತೆಗೆದು ಮೀಸೆಯ ದೇವದೂತನಿಗೆ ಎರಡು ಬಿಟ್ಟೆ. ಈಗ ಹೇಳಲು ನಾಚಿಕೆಯಿಲ್ಲ, ಹೊಡೆದದ್ದು ಹೌದು. 'ನಿಂಗೇನ್ಲಾ ಗೊತ್ತು? ನೀನೇನ್ ನಮ್ಮನೆಗೆ ಬಂದಿದ್ಯಾ? ನಾನೇ ಇಲ್ಲ ಅಂತಿವ್ನಿ, ನೀನ್ಯಾವನು ಹೌದು ಅನ್ನಾಕೆ!' ಎಂದು ಬೈದೆ. ಲೂರ್ದಮ್ಮ ಹಿಂದಿನಿಂದ ತಬ್ಬಿ ಹಿಡಿದಳು. ಆಗ ಅಳು ಬಂತು. ಬೇಲಿಯಾಚೆ ಮುಗಿಸಿ ಬಂದಿದ್ದ ಅಳುವಲ್ಲ, ಬೇರೆ. ನನಗೆ ಅವನ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೂ ಇನ್ನೂ ಇತ್ತು. ಅದರ ಜೊತೆಗೇ ಇನ್ನು ಸಾಯಂಕಾಲ ಹೊಸ್ತಿಲು ದಾಟಿ ಬಂದು ಏನೂ ಹೇಳದೆ ಕೂರುವವನು ಇಲ್ಲ ಅನ್ನುವುದು ಎದೆಗೆ ಒದ್ದ ಹಾಗೆ ತಿಳಿಯಿತು.

ಪ್ರಹ್ಲಾದರಾಯರು ಎದ್ದು ಮೈಯ ಮಣ್ಣು ಕೊಡವಿಕೊಂಡರು. ಮುಖದಲ್ಲಿ ನವಿಲಿನ ಆಸೆ ಬತ್ತಿತ್ತು, ಆದರೂ ನನ್ನ ಕಡೆ ನೋಡಿ, 'ಈ ವರ್ಷಕ್ಕೆ ಊರಿನದೇ ಅಮ್ಮ' ಎಂದರು. ಟೇಪು ಸುರುಳಿ ಸುತ್ತಿಕೊಂಡಿತು. ಜನ ಉಸಿರು ಬಿಟ್ಟರು. ಪಾಸ್ಕಲಪ್ಪ ಸಲಿಕೆ ಕೈಗೆತ್ತಿಕೊಂಡು, 'ಒಳ್ಳೆ ಮಾತು ಆಯ್ತಲ್ಲ, ಮುಚ್ಚಳ ಹಾಕ್ರಪ್ಪ' ಎಂದ.

'ತಡೀರಿ' ಎಂದೆ. 'ಮುಖದ ಬಟ್ಟೆ ತೆಗೀರಿ.'

ತೆಗೆದರು. ಗಡ್ಡ ಅರ್ಧಂಬರ್ಧ ಬೋಳಿಸಿದ್ದರು. ತುಟಿ ಯಾವಾಗಿನಂತೆ ಬಿಗಿಯಾಗಿ ಮುಚ್ಚಿತ್ತು, ಇನ್ನೂ ವಿಚಾರ ಮಾಡುತ್ತಿರುವವನ ಹಾಗೆ. ಬೇರೆ ಯಾರಿಗೂ ಕೇಳಬಾರದೆಂದು ಪೆಟ್ಟಿಗೆಯೊಳಗೆ ಬಗ್ಗಿ ಅವನ ಕಿವಿಯ ಹತ್ತಿರ ಬಾಯಿಟ್ಟೆ.

'ನಂಗೇ ಗೊತ್ತಿರ್ನಿಲ್ಲ ಕಣಯ್ಯ' ಎಂದೆ. 'ನಿಂಗೆ ಹೆಂಗೆ ಹೇಳ್ಲಿ?'